ಒಂದು ಪ್ರಮಾಣಪತ್ರದ ಹಿಂದೆ

ಬಿ.ಎಡ್. ಓದಿದವರೆಲ್ಲ ಸ್ಕಿನ್ನರನ ಇಲಿ, ಪಾರಿವಾಳಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರೇ. ಸನ್ನೆ ಒತ್ತಿದ ಇಲಿಗೆ ಕಾಳು ಸಿಗುತ್ತದೆ, ಅದು ಮತ್ತೆ ಒತ್ತುತ್ತದೆ. ನಮ್ಮ ಪಠ್ಯ ಅಲ್ಲಿಗೇ ನಿಂತುಬಿಡುತ್ತಿತ್ತು. ಆ ಕಾಳಿನಿಂದಲೇ ಅಮೆರಿಕದಲ್ಲಿ 'ವರ್ತನಾ ವಿಶ್ಲೇಷಕ' ಎಂಬ ವೃತ್ತಿಯೊಂದು ಬೆಳೆದ ಕತೆಯನ್ನು ನಮಗೆ ಯಾರೂ ಹೇಳಲಿಲ್ಲ.

1960ರ ದಶಕದ ಮೊದಲಲ್ಲಿ ವಾಷಿಂಗ್ಟನ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಮೂರೂವರೆ ವರ್ಷದ ಹುಡುಗನಿದ್ದ. ವರದಿಯಲ್ಲಿ ಅವನ ಹೆಸರು ಡಿಕಿ. ಕಣ್ಣಿನ ಪೊರೆಗಾಗಿ ಮಸೂರಗಳನ್ನೇ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ದೃಷ್ಟಿಯೇ ಹೋಗುವ ಭಯ. ಅವನೋ ಕನ್ನಡಕವನ್ನು ಮುಟ್ಟಲೂ ಒಲ್ಲ. ವುಲ್ಫ್, ರಿಸ್ಲಿ, ಮೀಸ್ ಎಂಬ ಮೂವರು ಮೊದಲು ಗಾಜಿಲ್ಲದ ಬರಿಯ ಚೌಕಟ್ಟುಗಳನ್ನು ಕೋಣೆಯಲ್ಲಿ ಇರಿಸಿದರು. ಮುಟ್ಟಿದರೆ ಒಂದು ತುತ್ತು, ಹಿಡಿದರೆ ಒಂದು ತುತ್ತು, ಕಣ್ಣ ಬಳಿ ತಂದರೆ ಇನ್ನೊಂದು. ಕೊನೆಗೆ ಹುಡುಗ ದಿನವಿಡೀ ಕನ್ನಡಕ ಹಾಕಿಕೊಳ್ಳುವಂತಾದ. ಚಂದಮಾಮನನ್ನು ತೋರಿಸಿ ಉಣಿಸುವ ತಾಯಂದಿರು 'ಇದರಲ್ಲೇನು ಹೊಸತು?' ಎನ್ನಬಹುದು. ಹೊಸತೆಂದರೆ, ಅವರು ಪ್ರತಿ ಹೆಜ್ಜೆಯನ್ನೂ ಅಳೆದು ಬರೆದಿಟ್ಟರು. ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ನೋಡಿ ದಾರಿ ಬದಲಿಸಿದರು. ವರದಿ 1964ರಲ್ಲಿ ಅಚ್ಚಾಯಿತು. 1968ರಲ್ಲಿ ಈ ಶಾಸ್ತ್ರಕ್ಕೆ ತನ್ನದೇ ಪತ್ರಿಕೆಯೂ ಬಂತು.

ಕೆಲಸ ಹೆಸರಾದೊಡನೆ ಅರೆಬರೆ ಕಲಿತವರೂ ಕೈಹಾಕಿದರು. ಮಯಾಮಿಯ ಸನ್‌ಲ್ಯಾಂಡ್ ಎಂಬ ಸರ್ಕಾರಿ ಕೇಂದ್ರದಲ್ಲಿ ಬುದ್ಧಿಮಾಂದ್ಯರಾದ ಹುಡುಗರನ್ನು ಇರಿಸಿದ್ದರು. 1972ರಲ್ಲಿ ಅಲ್ಲಿನ ಸಂಗತಿ ತನಿಖೆಯಿಂದ ಹೊರಬಿತ್ತು. ಸೋಪಿನಿಂದ ಬಾಯಿ ತೊಳೆಯುವುದು, ಮರದ ಹಲಗೆಯಿಂದ ಹೊಡೆಯುವುದು, ದಿನಗಟ್ಟಲೆ ಕಟ್ಟಿಹಾಕುವುದು. ಇನ್ನು ಕೆಲವನ್ನು ಬರೆಯಲು ನನ್ನ ಕೈ ಏಳುವುದಿಲ್ಲ. ಇವೆಲ್ಲಕ್ಕೂ ಅಲ್ಲಿದ್ದ ಹೆಸರು 'ವರ್ತನೆ ತಿದ್ದುವ ಚಿಕಿತ್ಸೆ'. ಯಾವುದೂ ಕದ್ದುಮುಚ್ಚಿ ನಡೆದದ್ದಲ್ಲ. ಮೇಲಿನವರ ಒಪ್ಪಿಗೆಯಿತ್ತು, ಹೊಡೆದವರಲ್ಲಿ ಅನೇಕರು ಒಳ್ಳೆಯದೇ ಮಾಡುತ್ತಿದ್ದೇವೆಂದು ನಂಬಿದ್ದರು. ನನ್ನನ್ನು ಹೆಚ್ಚು ಕಾಡುವುದು ಈ ಮಾತೇ. ಕೆಟ್ಟವರಿಂದ ಮಕ್ಕಳನ್ನು ಕಾಪಾಡಬಹುದು. ತರಬೇತಿಯಿಲ್ಲದ, ಯಾರೂ ಮೇಲೆ ನೋಡದ ಒಳ್ಳೆಯವರಿಂದ ಕಾಪಾಡುವುದು ಹೇಗೆ?

ಫ್ಲಾರಿಡಾ ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹುಡುಕಿತು. ತನಿಖಾ ಸಮಿತಿಯ ನಂತರ ನಿಯಮಗಳು ಬಂದವು. 80ರ ದಶಕದಲ್ಲಿ ರಾಜ್ಯವೇ ಪರೀಕ್ಷೆ ನಡೆಸತೊಡಗಿತು. ಅಷ್ಟರಲ್ಲಿ 1987ರಲ್ಲಿ ಲೊವಾಸ್ ಎಂಬಾತ ತನ್ನ ಅಧ್ಯಯನ ಪ್ರಕಟಿಸಿದ: ವಾರಕ್ಕೆ 40 ಗಂಟೆ ಕಲಿಸಿದ 19 ಆಟಿಸಂ ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಓದುವಂತಾದರಂತೆ. ಅದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಈತನೇ 60ರ ದಶಕದಲ್ಲಿ ಮಕ್ಕಳ ಮೇಲೆ ವಿದ್ಯುತ್ ಆಘಾತ ಬಳಸಿದ್ದನೆಂಬುದನ್ನೂ ಮರೆಯಬಾರದು. ಏನೇ ಇರಲಿ, ಆ ಸುದ್ದಿಯಿಂದ ತಾಯ್ತಂದೆಯರು ಕಲಿಸುವವರನ್ನು ಹುಡುಕಿಕೊಂಡು ಹೊರಟರು. ಯಾರು ಬಲ್ಲವರು, ಯಾರು ನಟಿಸುವವರು ಎಂದು ತಿಳಿಯುವುದು ಹೇಗೆ? 1998ರಲ್ಲಿ ಜೆರಾಲ್ಡ್ ಶೂಕ್ ಇಡೀ ದೇಶಕ್ಕೆ ಪ್ರಮಾಣಪತ್ರ ಕೊಡುವ ಮಂಡಳಿಯೊಂದನ್ನು ಸ್ಥಾಪಿಸಿದರು.

ಈಗ ಅದನ್ನು ಪಡೆಯಲು ಸ್ನಾತಕೋತ್ತರ ಪದವಿ ಬೇಕು, ಬಲ್ಲವರ ಮೇಲ್ವಿಚಾರಣೆಯಲ್ಲಿ 1,500ರಿಂದ 2,000 ಗಂಟೆಗಳ ಕೆಲಸ ಬೇಕು, ಆಮೇಲೆ ಪರೀಕ್ಷೆ. ನೀತಿಸಂಹಿತೆ ಮೀರಿದರೆ ಪತ್ರ ಹೋಗುತ್ತದೆ. ಇಷ್ಟಾದರೂ, ಈ ಪದ್ಧತಿಯಲ್ಲಿ ಬೆಳೆದ ಕೆಲವು ಆಟಿಸಂ ವಯಸ್ಕರು 'ನಮ್ಮನ್ನು ಬೇರೆಯವರಂತೆ ನಟಿಸಲು ಕಲಿಸಿದಿರಿ' ಎಂದು ದೂರುತ್ತಾರೆ. ಆ ದೂರಿಗೆ ಪರೀಕ್ಷೆಯ ಅಂಕಗಳು ಉತ್ತರವಾಗಲಾರವು.

ನಮ್ಮ ದೇಶದವರಲ್ಲೂ ಈ ಪತ್ರ ಪಡೆದವರಿದ್ದಾರೆ. ಆದರೆ 2023ರಿಂದ ಭಾರತದಲ್ಲಿರುವವರು ಹೊಸದಾಗಿ ಅರ್ಜಿ ಹಾಕುವಂತಿಲ್ಲ. ವಿಶೇಷ ಶಿಕ್ಷಕರು, ಮನಶ್ಶಾಸ್ತ್ರಜ್ಞರು ಮೊದಲಾದವರ ನೋಂದಣಿಗೆ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು ಇದೆ. ಮಗುವಿನ ಕೈಹಿಡಿದು ಇಂಥ ಕೇಂದ್ರದ ಮೆಟ್ಟಿಲು ಹತ್ತುವ ತಾಯಿ ಗೋಡೆಯ ಮೇಲಿನ ಚೌಕಟ್ಟನ್ನು ಓದಲಿ. ಕಲಿಸುವವರ ಕೆಲಸವನ್ನು ಮೇಲೆ ನೋಡುವವರು ಯಾರೆಂದೂ ಸಂಕೋಚವಿಲ್ಲದೆ ಕೇಳಲಿ.