ಓದಿನ ನಡುವೆ ಬಡವಾದವರು: ಹಳೆಯ ಬೆಂಗಳೂರಿನ ವಿದ್ಯಾರ್ಥಿ ನೆರವಿನ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲಿಷ್ ವಿದ್ಯೆಯನ್ನು ಅರಸಿ ಬೆಂಗಳೂರಿಗೆ ಬಂದ ಹುಡುಗರೆಲ್ಲರೂ ಹುಟ್ಟಾ ಬಡವರಾಗಿರಲಿಲ್ಲ. ತಂದೆಯ ಅಕಾಲ ಮರಣದಿಂದಲೋ, ಮಳೆ ಕೈಕೊಟ್ಟು ಜಮೀನು ಸಾಲಕ್ಕೆ ಹೋದುದರಿಂದಲೋ, ಓದು ಅರ್ಧಕ್ಕೆ ಬಂದಿದ್ದಾಗ ಮನೆಯ ವರಮಾನ ಕುಸಿದವರೂ ಅವರಲ್ಲಿದ್ದರು. ಇಂಥವರಿಗೆ ನಗರವು ಒದಗಿಸಿದ ನೆರವಿನ ಚರಿತ್ರೆಯು, ಬಡತನವನ್ನು ಗುರುತಿಸುವ ಅಧಿಕಾರವು ನೆರೆಹೊರೆಯವರ ಕಣ್ಣಿನಿಂದ ಸರ್ಕಾರದ ಕಾಗದಕ್ಕೆ ಸರಿದುಹೋದ ಚರಿತ್ರೆಯೂ ಆಗಿದೆ.

ಹೀಗೆ ಓದಿನ ನಡುವೆ ಮನೆಯ ಆಸರೆ ಕುಸಿದವರ ಪ್ರಸಿದ್ಧ ನಿದರ್ಶನವೆಂದರೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ ಓದುತ್ತ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು, ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆದರೆ ಆ ವೇತನ ದೊರೆತದ್ದು ಪ್ರತಿಭೆಗೆ. ಸಾಧಾರಣ ಅಂಕಗಳ ಹುಡುಗನಿಗೆ ಅಂಥ ಬಾಗಿಲು ತೆರೆಯುತ್ತಿರಲಿಲ್ಲ.

ಅಂಥವನಿಗೆ ಉಳಿದಿದ್ದ ದಾರಿ ವಾರಾನ್ನ. ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ಈ ಪದ್ಧತಿಯು ಮೊದಲು ಪೇಟೆಯ ಬೀದಿಗಳಲ್ಲಿಯೂ, 1892ರಲ್ಲಿ ಚಾಮರಾಜಪೇಟೆಯೂ 1898ರ ಪ್ಲೇಗಿನ ಸುಮಾರಿಗೆ ಬಸವನಗುಡಿ, ಮಲ್ಲೇಶ್ವರಗಳೂ ತಲೆಯೆತ್ತಿದ ಮೇಲೆ ಆ ಹೊಸ ಬಡಾವಣೆಗಳ ವಕೀಲರ, ಗುಮಾಸ್ತರ, ಉಪಾಧ್ಯಾಯರ ಮನೆಗಳಲ್ಲಿಯೂ ನಡೆದುಬಂದಿತು. ಇದಕ್ಕೆ ಅರ್ಜಿ ಬೇಕಿರಲಿಲ್ಲ, ಗಡುವೂ ಇರಲಿಲ್ಲ. ವರ್ಷದ ನಡುವೆ ತಂದೆ ತೀರಿಕೊಂಡರೆ, ಬಂಧುವೊಬ್ಬರ ಮಾತಿನ ಮೇಲೆ ಮರುವಾರವೇ ಎರಡು ಮನೆ ಸಿಗಬಹುದಾಗಿತ್ತು, ಸಿಗದ ದಿನ ಉಪವಾಸವೂ ಇತ್ತು. ಊಟ ಬಡಿಸುವ ಗೃಹಿಣಿಯ ಮುಖಭಾವವನ್ನು ಅವಲಂಬಿಸಿದ್ದ ಈ ವ್ಯವಸ್ಥೆಯನ್ನು ಕೇವಲ ಔದಾರ್ಯವೆಂದು ಹೊಗಳುವುದು ಅರ್ಧಸತ್ಯ: ಮಡಿಮೈಲಿಗೆಯ ಕಾರಣದಿಂದ ಅದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಮೀಸಲಾಗಿತ್ತು, ಹೆಣ್ಣುಮಕ್ಕಳಿಗಂತೂ ಅದರಲ್ಲಿ ಎಡೆಯೇ ಇರಲಿಲ್ಲ.

ಆ ಪಂಕ್ತಿಯ ಹೊರಗುಳಿದ ಸಮುದಾಯಗಳು ತಮ್ಮದೇ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಂಡವು. ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲು ನಿಲ್ದಾಣದ ಬಳಿ ತೆರೆದ ಛತ್ರದ ಧರ್ಮಸಂಸ್ಥೆಯು ವೀರಶೈವ ವಿದ್ಯಾರ್ಥಿಗಳ ವಸತಿಯ ಹೊಣೆಯನ್ನೂ ಹೊತ್ತಿತು; 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘವು ಹಳ್ಳಿಗಳಿಂದ ಬಂದ ರೈತರ ಮಕ್ಕಳಿಗೆ ಆಸರೆಯಾಯಿತು; ದಲಿತ ವಿದ್ಯಾರ್ಥಿಗಳ ಓದು ಮತ್ತು ವಸತಿಗಾಗಿ ಗೋಪಾಲಸ್ವಾಮಿ ಅಯ್ಯರ್ ದುಡಿದರು. ಮನೆಯಿಂದ ಮನೆಗೆ ಅಲೆಯುವ ಬದಲು ಒಂದೇ ಸೂರಿನಡಿ ಅನ್ನ, ಚಾಪೆ, ದೀಪ ಸಿಗುವುದು ಓದಿಗೆ ಎಷ್ಟು ದೊಡ್ಡ ಅನುಕೂಲವೆಂಬುದನ್ನು ವಿವರಿಸಬೇಕಿಲ್ಲ.

ಸರ್ಕಾರದ ನೆರವು ಬೇರೆ ಹಾದಿ ಹಿಡಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಕವಾಗಿ ಮರುವರ್ಷ ವರದಿ ಸಲ್ಲಿಸಿದ ಸಮಿತಿಯು, ಬ್ರಾಹ್ಮಣೇತರ ಹಿಂದುಳಿದ ಸಮುದಾಯಗಳಿಗೆ ಉದ್ಯೋಗದ ಜೊತೆಗೆ ಶಿಕ್ಷಣದಲ್ಲಿಯೂ ಪ್ರೋತ್ಸಾಹ ದೊರೆಯಬೇಕೆಂದಿತು. ಈ ಕ್ರಮ ಬಹಳ ತಡವಾಗಿ ಬಂದ ನ್ಯಾಯವೇ ಸರಿ. ಆದರೆ ಹುಟ್ಟಿನ ಸಮುದಾಯವನ್ನು ಆಧರಿಸಿದ ಅಳತೆಗೆ ಒಂದು ಮನೆಯ ವರಮಾನ ಇದ್ದಕ್ಕಿದ್ದಂತೆ ಇಳಿದದ್ದು ಕಾಣುವಂತಿರಲಿಲ್ಲ. ಆ ಸಂಗತಿಯನ್ನು ಗಮನಿಸುವ ಕೆಲಸ ಶಾಲಾ ಕಾಲೇಜುಗಳ ಮುಖ್ಯಸ್ಥರ ಪಾಲಿಗೆ ಬಂದಿತು. ಪೂರ್ತಿ ಶುಲ್ಕದ ವಿನಾಯಿತಿಯಾದ ‘ಫ್ರೀಶಿಪ್’, ಅರ್ಧ ವಿನಾಯಿತಿಯಾದ ‘ಹಾಫ್ ಫ್ರೀಶಿಪ್’ ಎಂಬ ಮಾತುಗಳು ಮಧ್ಯಮವರ್ಗದ ಮನೆಮಾತಾದವು. ಬಸವನಗುಡಿಯಲ್ಲಿ 1917ರಲ್ಲಿ ಆರಂಭವಾದ ನ್ಯಾಷನಲ್ ಹೈಸ್ಕೂಲಿಗೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಬಡ ಹುಡುಗ ಎಚ್. ನರಸಿಂಹಯ್ಯನವರು, ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಮೇಲೆಯೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ವಿದ್ಯಾರ್ಥಿಯ ಕಷ್ಟವನ್ನು ಅವನ ಪಕ್ಕದಲ್ಲೇ ಇದ್ದು ಬಲ್ಲ ಇಂಥ ಮುಖ್ಯಸ್ಥರು ವಿರಳ.

ಎರಡನೆಯ ಮಹಾಯುದ್ಧದ ಕಾಲದ ಆಹಾರದ ಅಭಾವ ಮತ್ತು ಪಡಿತರಗಳ ನಡುವೆ, ಅಳೆದು ಸಿಗುವ ಅಕ್ಕಿಯಲ್ಲಿ ಹೊರಗಿನ ಹುಡುಗನಿಗೆ ಎಲೆ ಹಾಕುವುದು ಕಷ್ಟವಾಗಿ, ವಾರಾನ್ನವು ಮೆಲ್ಲಗೆ ಮರೆಯಾಯಿತು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗವು 1975ರಲ್ಲಿ ವರದಿ ಸಲ್ಲಿಸಿದ ನಂತರ, ದೇವರಾಜ ಅರಸು ಸರ್ಕಾರದ 1977ರ ಆದೇಶವು ಕೆಲವು ವೃತ್ತಿಗಳ, ವಾರ್ಷಿಕ 4,800 ರೂಪಾಯಿಗಿಂತ ಕಡಿಮೆ ಆದಾಯದ ಕುಟುಂಬಗಳನ್ನು ಜಾತಿಯ ಹಂಗಿಲ್ಲದೆ ‘ವಿಶೇಷ ಗುಂಪು’ ಎಂದು ಮೀಸಲಾತಿಗೆ ಪರಿಗಣಿಸಿತು. ಹೀಗೆ ಆದಾಯದ ಅಂಕಿಯೇ ಒಂದು ಅರ್ಹತೆಯಾಯಿತು. ಈಗ ನಾಡಕಚೇರಿಯಿಂದ ಪಡೆಯುವ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಮಾನ್ಯತೆಯುಂಟು. ಅದೇ ಅವಧಿಯೊಳಗೆ ದುಡಿಯುವವರು ಕೆಲಸ ಕಳೆದುಕೊಂಡರೆ ಹಳೆಯ ಪತ್ರವು ಹಳೆಯ ವರಮಾನವನ್ನೇ ಹೇಳುತ್ತಿರುತ್ತದೆ; ಕುಟುಂಬವು ಹೊಸದಾಗಿ ಅರ್ಜಿ ಹಾಕಿ, ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ ಮುಗಿದು, ಪರಿಷ್ಕೃತ ಪತ್ರ ಬಂದ ಮೇಲೆಯೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆ ಇಳಿಕೆ ಕಾಣಿಸುತ್ತದೆ.