ಮತ ಕೇಳದ ಚುನಾವಣೆ, ಪುರೋಹಿತರಿಲ್ಲದ ಧರ್ಮ

ಗೋವಿನಕೋವಿಯಂಥ ಊರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಏನೇನು ನಡೆಯುತ್ತದೆಂದು ಹೊನ್ನಾಳಿ, ನ್ಯಾಮತಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಮಪತ್ರ ಸಲ್ಲಿಸುವ ದಿನದಿಂದಲೇ ಗುಂಪುಗಳು ಏಳುತ್ತವೆ. ಕಟ್ಟೆಯ ಮೇಲೆ ಕುಳಿತವರು ಕೇರಿವಾರು, ಜಾತಿವಾರು ಲೆಕ್ಕ ಹಾಕುತ್ತಾರೆ. ಮನೆಮನೆಗೆ ಕೈಮುಗಿದು ಹೋಗುವವರ ಸಾಲು ರಾತ್ರಿಯಾದರೂ ಮುಗಿಯುವುದಿಲ್ಲ. ಎಣಿಕೆ ಮುಗಿದ ಮೇಲೆ ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಮುನಿಸು. ಆ ಮುನಿಸಿನಲ್ಲಿ ಅಣ್ಣ-ತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟದ್ದೂ ಉಂಟು.

ಯಾರೂ ಅಭ್ಯರ್ಥಿಯಾಗಿ ನಿಲ್ಲದ, ಯಾರೂ ಮತ ಕೇಳದ, ಇಂಥವರಿಗೆ ಹಾಕಿ ಎಂದು ಪಕ್ಕದವರ ಕಿವಿಯಲ್ಲಿ ಹೇಳುವುದೂ ತಪ್ಪೆನ್ನುವ ಒಂದು ಚುನಾವಣೆ ಇದೆ ಎಂದರೆ ಅಂಥ ಊರಿನವರು ನಕ್ಕಾರು. ಆದರೆ ಅದು ಪ್ರತಿವರ್ಷ ಏಪ್ರಿಲ್ 20 ಅಥವಾ 21ರಂದು ಜಗತ್ತಿನ ಸಾವಿರಾರು ಊರುಗಳಲ್ಲಿ ನಡೆಯುತ್ತದೆ. ಊರಿನ ಬಹಾಯಿಗಳು ಒಂದೆಡೆ ಸೇರಿ, ಪ್ರಾರ್ಥನೆ ಮಾಡಿ, ತಮ್ಮಲ್ಲಿ ಯೋಗ್ಯರೆನಿಸಿದ ಒಂಬತ್ತು ಮಂದಿಯ ಹೆಸರನ್ನು ಚೀಟಿಯಲ್ಲಿ ಗುಟ್ಟಾಗಿ ಬರೆದು ಹಾಕುತ್ತಾರೆ. ಹೆಚ್ಚು ಮತ ಬಿದ್ದ ಒಂಬತ್ತು ಜನರೇ ಆ ವರ್ಷದ ಸ್ಥಳೀಯ ಆಧ್ಯಾತ್ಮಿಕ ಸಭೆ. ಕೊನೆಯ ಸ್ಥಾನಕ್ಕೆ ಇಬ್ಬರಿಗೆ ಸಮ ಮತ ಬಂದು, ಅವರಲ್ಲೊಬ್ಬರು ಅಲ್ಪಸಂಖ್ಯಾತ ಗುಂಪಿನವರಾಗಿದ್ದರೆ ಮರುಮತದಾನವಿಲ್ಲದೆ ಆ ಸ್ಥಾನ ಅವರಿಗೇ ಸಲ್ಲುತ್ತದೆ. ಪುರೋಹಿತ, ಮುಲ್ಲಾ, ಪಾದ್ರಿ, ಮಠಾಧಿಪತಿ ಎಂಬ ಯಾವ ಪದವಿಯೂ ಇಲ್ಲದ ಈ ಧರ್ಮವನ್ನು ನಡೆಸಿಕೊಂಡು ಹೋಗುವುದು ಈ ಒಂಬತ್ತು ಮಂದಿಯ ಸಭೆಗಳೇ.

ಈ ಧರ್ಮ ಹುಟ್ಟಿದ್ದು ಪರ್ಷಿಯಾದ ಶಿರಾಜ್ ನಗರದಲ್ಲಿ. ಶಿರಾಜ್ ಕನ್ನಡ ನಾಡಿಗೆ ತೀರ ಅಪರಿಚಿತವೇನಲ್ಲ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಹೆಸರು ಕೊಟ್ಟ ಆಗಾ ಅಲಿ ಅಸ್ಕರ್ 1824ರಲ್ಲಿ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಮುಂದೆ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಇದೇ ಮನೆತನದವರು. ಅವರು ಬಹಾಯಿಗಳಲ್ಲ, ಷಿಯಾ ಮುಸ್ಲಿಮರು. ಪರ್ಷಿಯಾದಿಂದ ಕಡಲ ಹಾದಿ ಹಿಡಿದು ಸರಕೂ ಜನವೂ ಈ ಕಡೆಗೆ ಹೇಗೆ ಹರಿದುಬರುತ್ತಿದ್ದವೆಂಬುದಕ್ಕೆ ಮಾತ್ರ ಆ ಮನೆತನ ಸಾಕ್ಷಿ. ಅಲಿ ಅಸ್ಕರ್ ಊರು ಬಿಟ್ಟಾಗ ಅದೇ ಶಿರಾಜ್‌ನ ಒಂದು ವರ್ತಕರ ಮನೆಯಲ್ಲಿ ಐದು ವರ್ಷದ ಹುಡುಗನೊಬ್ಬನಿದ್ದ. ಹೆಸರು ಸೈಯದ್ ಅಲಿ ಮುಹಮ್ಮದ್, ಹುಟ್ಟಿದ್ದು 1819ರ ಅಕ್ಟೋಬರ್ 20ರಂದು.

ಈತ 1844ರ ಮೇ ತಿಂಗಳಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ತಾನು 'ಬಾಬ್' ಎಂದು ಸಾರಿದ. ಬಾಬ್ ಎಂದರೆ ಬಾಗಿಲು. ತನಗಿಂತ ದೊಡ್ಡವನೊಬ್ಬ ಬರಲಿದ್ದಾನೆ, ತಾನು ಅವನ ದಾರಿ ತೆರೆಯಲು ಬಂದವನು ಎಂಬುದು ಆತನ ಮಾತಿನ ತಿರುಳು. ಮೊದಲು ನಂಬಿದ ಹದಿನೆಂಟು ಮಂದಿಯಲ್ಲಿ ಭಾರತದಿಂದ ಹೋಗಿದ್ದ ಸಯೀದ್ ಎಂಬವನಿದ್ದ. ಒಬ್ಬಳೇ ಒಬ್ಬ ಹೆಂಗಸೂ ಇದ್ದಳು. ಆಕೆ ಕವಯಿತ್ರಿ ತಾಹಿರಾ. 1848ರಲ್ಲಿ ಬದಷ್ತ್ ಎಂಬಲ್ಲಿ ಅನುಯಾಯಿಗಳು ಸೇರಿದ್ದಾಗ ಆಕೆ ಪರದೆ ಸರಿಸಿ, ಮುಖ ತೋರಿಸಿ ಮಾತಾಡಿದಳು. ಆ ಕಾಲಕ್ಕೆ ಅದು ಎಂಥ ಆಘಾತವೆಂದರೆ ಅನುಯಾಯಿಗಳಲ್ಲೇ ಕೆಲವರು ದಿಗಿಲುಬಿದ್ದು ಪಂಥವನ್ನೇ ತೊರೆದರು. 1850ರ ಜುಲೈ 9ರಂದು ತಬ್ರೀಜ್ ನಗರದಲ್ಲಿ ಬಾಬ್‌ನನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ಬಳಿಕ ತಾಹಿರಾಳ ಸರದಿ ಬಂತು.

ಬಾಬ್‌ನ ಅನುಯಾಯಿಗಳ ಪೈಕಿ ಸಿರಿವಂತ ಮನೆತನದ ಮಿರ್ಜಾ ಹುಸೇನ್ ಅಲಿ ಒಬ್ಬರು. 1817ರ ನವೆಂಬರ್ 12ರಂದು ಟೆಹರಾನಿನಲ್ಲಿ ಹುಟ್ಟಿದವರು. ಬಹಾವುಲ್ಲಾ, ಅಂದರೆ ದೇವರ ಮಹಿಮೆ, ಎಂದು ಜಗತ್ತು ಅರಿತಿರುವುದು ಇವರನ್ನೇ. 1852ರಲ್ಲಿ ಕೆಲವರು ಬಾಬ್‌ನ ಸಾವಿಗೆ ಸೇಡು ತೀರಿಸಿಕೊಳ್ಳಲು ಷಾ ದೊರೆಯ ಮೇಲೆ ಗುಂಡು ಹಾರಿಸಿದರು. ಅದರಲ್ಲಿ ಪಾಲಿಲ್ಲದ ಬಹಾವುಲ್ಲಾ ಅವರನ್ನೂ ಹಿಡಿದು 'ಕಪ್ಪು ಗುಂಡಿ' ಎಂದು ಕರೆಯುತ್ತಿದ್ದ ನೆಲದಡಿಯ ಸೆರೆಗೆ ತಳ್ಳಲಾಯಿತು. ಅಲ್ಲಿಂದ ಮುಂದೆ ಅವರದು ಗಡೀಪಾರಿನ ಬಾಳು. ಬಾಗ್ದಾದ್, ಇಸ್ತಾಂಬುಲ್, ಎಡಿರ್ನೆ, ಕೊನೆಗೆ 1868ರಲ್ಲಿ ಮೆಡಿಟರೇನಿಯನ್ ದಂಡೆಯ ಅಕ್ಕಾ ಕೋಟೆ. ಬಾಗ್ದಾದ್ ಬಿಡುವ ಮುನ್ನ 1863ರ ಏಪ್ರಿಲ್‌ನಲ್ಲಿ, ಊರ ಹೊರಗಿನ ತೋಟವೊಂದರಲ್ಲಿ ಹನ್ನೆರಡು ದಿನ ತಂಗಿದ್ದಾಗ, ಬಾಬ್ ಹೇಳಿದ ಪುರುಷ ತಾವೇ ಎಂದು ಆಪ್ತರಿಗೆ ತಿಳಿಸಿದರು. ಏಪ್ರಿಲ್ ಚುನಾವಣೆ ಆ ಹನ್ನೆರಡು ದಿನಗಳ ನೆನಪಿನ ರಿಜ್ವಾನ್ ಹಬ್ಬದ ಮೊದಲ ದಿನವೇ ನಡೆಯುವುದು. ಸೆರೆಯಲ್ಲಿದ್ದೇ ಅವರು ಫ್ರಾನ್ಸಿನ ಮೂರನೆಯ ನೆಪೋಲಿಯನ್, ವಿಕ್ಟೋರಿಯಾ ರಾಣಿ, ರೋಮಿನ ಪೋಪ್ ಮೊದಲಾದವರಿಗೆ ಪತ್ರ ಬರೆದರು. ಷಾನಿಗೆ ಬರೆದ ಪತ್ರವನ್ನು 1869ರಲ್ಲಿ ಒಯ್ದು ಕೊಟ್ಟ ಬದಿ ಎಂಬ ಹದಿನೇಳರ ತರುಣ ಚಿತ್ರಹಿಂಸೆಗೆ ಸಿಕ್ಕಿ ಸತ್ತ. ಬಹಾವುಲ್ಲಾ 1892ರ ಮೇ 29ರಂದು ಅಕ್ಕಾದ ಹತ್ತಿರವೇ ತೀರಿಕೊಂಡರು.

ಇಷ್ಟೆಲ್ಲ ದೂರದ ಕಥೆಯಲ್ಲಿ ನಮ್ಮ ಕಡೆಯ ಪಾಲೂ ಇದೆ. ಬಾಬ್‌ನ ಬಂಧುಗಳು ಬೊಂಬಾಯಿಯಲ್ಲಿ ವ್ಯಾಪಾರ ನಡೆಸುತ್ತಿದ್ದರು. ಪರ್ಷಿಯಾದಲ್ಲಿ ಅಚ್ಚು ಹಾಕಿದರೆ ತಲೆ ಹೋಗುತ್ತಿದ್ದ ಗ್ರಂಥಗಳು 1880ರ ದಶಕದಿಂದ ಬೊಂಬಾಯಿಯ ಕಲ್ಲಚ್ಚಿನಲ್ಲಿ ಮೂಡಿದವು. ಬಹಾಯಿಗಳ ಧರ್ಮಶಾಸ್ತ್ರವಾದ 'ಕಿತಾಬ್-ಇ-ಅಕ್ದಸ್' ಕೂಡ 1890ರ ಸುಮಾರಿಗೆ ಅಲ್ಲೇ ಅಚ್ಚಾಯಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳು ಆಗ ಆಳಿಸಿಕೊಳ್ಳುತ್ತಿದ್ದುದು ಅದೇ ಬೊಂಬಾಯಿಯಿಂದ.

ಬೋಧನೆಯ ಮಾತಿಗೆ ಬಂದರೆ, ದೇವರು ಒಬ್ಬನೇ, ಮನುಷ್ಯ ಕುಲ ಒಂದೇ ಎಂಬುದು ಕನ್ನಡಿಗರಿಗೆ ಹೊಸದಲ್ಲ. ಪಂಪನಿಂದ ಹಿಡಿದು ವಚನಕಾರರವರೆಗೆ ಅದನ್ನು ಕೇಳಿದ್ದೇವೆ. ಬಹಾವುಲ್ಲಾ ಅದಕ್ಕೆ ಕೂಡಿಸಿದ್ದು ಕಾಲದ ವಿಚಾರ. ಕೃಷ್ಣ, ಬುದ್ಧ, ಜರಥುಷ್ಟ್ರ, ಮೋಸೆಸ್, ಏಸು, ಮುಹಮ್ಮದ್ ಎಲ್ಲರೂ ಒಂದೇ ಶಾಲೆಗೆ ಒಬ್ಬರಾದ ಮೇಲೊಬ್ಬರು ಬಂದ ಗುರುಗಳಿದ್ದಂತೆ. ಮಕ್ಕಳು ಬೆಳೆದ ಹಾಗೆ ಪಾಠವೂ ಬೆಳೆಯುತ್ತದೆ. ಹಾಗಾಗಿ ತಾವೇ ಕೊನೆಯವರೆಂದೂ ಅವರು ಹೇಳಲಿಲ್ಲ. ಹೆಣ್ಣು ಗಂಡು ಸಮಾನ. ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಓದಿಸಲು ಸಾಧ್ಯವಾದರೆ ಮಗಳನ್ನು ಓದಿಸಬೇಕು, ಏಕೆಂದರೆ ನಾಳೆ ಮಕ್ಕಳಿಗೆ ಮೊದಲ ಗುರು ಅವಳೇ. ಧರ್ಮ ವಿಜ್ಞಾನಕ್ಕೆ ವಿರುದ್ಧವಾದರೆ ಅದು ಮೂಢನಂಬಿಕೆ. ಮದ್ಯ ಕೂಡದು. ಮದುವೆಗೆ ವಧೂವರರ ಒಪ್ಪಿಗೆ ಮೊದಲು, ಬಳಿಕ ಬದುಕಿರುವ ತಂದೆತಾಯಿಯರೆಲ್ಲರ ಒಪ್ಪಿಗೆಯೂ ಬೇಕು. ಈ ಕೊನೆಯ ನಿಯಮ ಪ್ರೇಮಿಗಳಿಗೂ ಹಿರಿಯರಿಗೂ ಸಮನಾಗಿ ತೊಡಕು ತರುವಂಥದು.

ಅವರ ಪಂಚಾಂಗವೂ ವಿಶಿಷ್ಟ. ಹತ್ತೊಂಬತ್ತು ದಿನಗಳ ಹತ್ತೊಂಬತ್ತು ತಿಂಗಳು, ಉಳಿದ ನಾಲ್ಕೈದು ದಿನ ಅತಿಥಿ ಸತ್ಕಾರಕ್ಕೆ, ದಾನಕ್ಕೆ. ಮಾರ್ಚ್‌ನಲ್ಲಿ ಬರುವ ಕೊನೆಯ ತಿಂಗಳು ಪೂರ್ತಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಉಪವಾಸ. ಪ್ರತಿ ತಿಂಗಳ ಮೊದಲ ದಿನ ಊರಿನ ಬಹಾಯಿಗಳು ಯಾರದಾದರೂ ಮನೆಯಲ್ಲೋ ಕೇಂದ್ರದಲ್ಲೋ ಸೇರುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಸಮುದಾಯದ ಲೆಕ್ಕಪತ್ರ ಮತ್ತು ಚರ್ಚೆ, ಕೊನೆಗೆ ತಿಂಡಿ ಮತ್ತು ಹರಟೆ. ಚರ್ಚೆಗೆ ಒಂದು ಕಟ್ಟಳೆಯಿದೆ. ಸಭೆಯ ಮುಂದಿಟ್ಟ ಅಭಿಪ್ರಾಯ ಆಮೇಲೆ ಇಟ್ಟವನದಲ್ಲ, ಸಭೆಯದು. ಬಹುಮತದ ತೀರ್ಮಾನವನ್ನು ಸೋತವರೂ ಮನಸಾರೆ ನಡೆಸಿಕೊಡಬೇಕು. ಆಯ್ಕೆಯಾದ ಒಂಬತ್ತು ಮಂದಿಗೂ ಸಭೆಯ ಹೊರಗೆ ಯಾವ ಅಧಿಕಾರವೂ ಇಲ್ಲ. ಧರ್ಮದ ಕೆಲಸಕ್ಕೆ ಬಹಾಯಿಗಳಲ್ಲದವರಿಂದ ಹಣ ಪಡೆಯುವುದಿಲ್ಲ. ಚಂದಾ ಪುಸ್ತಕ ಹಿಡಿದು ಬರುವವರನ್ನು ಕಂಡು ಬಾಗಿಲು ಮುಂದೆ ಮಾಡುವ ನಮ್ಮವರಿಗೆ ಇದು ನೆಮ್ಮದಿಯ ಸುದ್ದಿ.

ಭಾರತದಲ್ಲಿ ಈ ಧರ್ಮ ಬಹುಕಾಲ ಪಟ್ಟಣಗಳ ಕೆಲವೇ ಕುಟುಂಬಗಳಲ್ಲಿ ಉಳಿದಿತ್ತು. ಅದು ಹಳ್ಳಿಗೆ ಕಾಲಿಟ್ಟದ್ದು 1961ರಲ್ಲಿ, ಮಧ್ಯಪ್ರದೇಶದ ಮಾಳವ ಸೀಮೆಯಲ್ಲಿ. ಅಲ್ಲಿ ಬಹಾವುಲ್ಲಾ ಅವರನ್ನು ಕಲ್ಕಿ ಅವತಾರವೆಂದು ಪರಿಚಯಿಸಲಾಯಿತು, ಬೋಧನೆಗಳು ಭಜನೆಗಳಾದವು. ದೇಶದಲ್ಲಿ ಸಾವಿರಕ್ಕಿಂತ ಕಡಿಮೆಯಿದ್ದ ಸಂಖ್ಯೆ ಎರಡು ಮೂರು ವರ್ಷಗಳಲ್ಲಿ ಹತ್ತಾರು ಸಾವಿರ ದಾಟಿತು. ಮುಂದೆ ಇಪ್ಪತ್ತು ಲಕ್ಷವೆಂಬ ಮಾತೂ ಕೇಳಿಬಂತು. ಆದರೆ ಜನಗಣತಿಯ ಪುಸ್ತಕ ಬೇರೆಯದನ್ನೇ ಹೇಳುತ್ತದೆ: 2001ರಲ್ಲಿ 11,324, 2011ರಲ್ಲಿ ಕೇವಲ 4,572.

ಎಲ್ಲಿ ಲಕ್ಷ, ಎಲ್ಲಿ ಸಾವಿರ! ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತೀರ್ಮಾನಿಸುವುದು ಸುಲಭ. ಆದರೆ ವಿಷಯ ಅಷ್ಟು ಸರಳವಲ್ಲ. ಮಾಳವದಲ್ಲಿ ಸೇರಿದವರಲ್ಲಿ ಬಹಳಷ್ಟು ಮಂದಿ ಪರಿಶಿಷ್ಟ ಜಾತಿಯವರು. ಅವರು ಬಹಾವುಲ್ಲಾ ಅವರನ್ನು ನಂಬಿದರು. ಆದರೆ ಮನೆದೇವರನ್ನು ಬಿಡಲಿಲ್ಲ, ಮದುವೆಯನ್ನು ಜಾತಿಯೊಳಗೇ ಮಾಡಿದರು. ಗಣತಿಯವರು ಬಂದಾಗ ಹಿಂದೂ ಎಂದರು. ಹಾಗೆನ್ನದೆ ಬಹಾಯಿ ಎಂದು ಬರೆಸಿದರೆ ಕಳೆದುಕೊಳ್ಳುವುದೂ ಇತ್ತು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ; ಬಳಿಕ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು, ಬಹಾಯಿಗಳಿಗಲ್ಲ. ಮಗನ ವಿದ್ಯಾರ್ಥಿವೇತನ ಒಂದು ಕಡೆ, ಧರ್ಮದ ಕಲಮು ಇನ್ನೊಂದು ಕಡೆ ಇದ್ದಾಗ ಬಡವನೊಬ್ಬ ಏನು ಬರೆಸಿಯಾನು? ಎಲ್ಲ ಧರ್ಮಗಳೂ ಒಂದೇ ಎಂದು ಕೇಳಿ ಒಪ್ಪಿದವನಿಗೆ, ಒಂದನ್ನು ಹೊಡೆದುಹಾಕಿ ಇನ್ನೊಂದನ್ನು ಬರೆಸುವುದು ಅಗತ್ಯವೆಂದೂ ಅನಿಸಿರಲಾರದು.

ಬಹುಪಾಲು ಕನ್ನಡಿಗರು ಬಹಾಯಿ ಎಂಬ ಹೆಸರು ಕೇಳಿರುವುದು ದೆಹಲಿ ಪ್ರವಾಸದಲ್ಲಿ ಕಮಲ ಮಂದಿರ ನೋಡಿ ಬಂದಮೇಲೆ. ಅದರ ಜಾಗ ಕೊಳ್ಳಲು 1953ರಲ್ಲಿ ತನ್ನ ಜೀವಮಾನದ ಉಳಿತಾಯವನ್ನೆಲ್ಲ ಕೊಟ್ಟವರು ಸಿಂಧ್ ಹೈದರಾಬಾದಿನ ಆರ್ದೇಶಿರ್ ರುಸ್ತಂಪುರ್. ಇರಾನಿ ವಾಸ್ತುಶಿಲ್ಪಿ ಫರಿಬುರ್ಜ್ ಸಹ್ಬಾ ರೂಪಿಸಿದ, ಗ್ರೀಸಿನ ಅಮೃತಶಿಲೆ ಹೊದ್ದ ಇಪ್ಪತ್ತೇಳು ದಳಗಳ ಆ ಕಟ್ಟಡ 1986ರ ಡಿಸೆಂಬರ್‌ನಲ್ಲಿ ಸಮರ್ಪಣೆಗೊಂಡಿತು. ಒಳಗೆ ಮೂರ್ತಿಯಿಲ್ಲ, ಪ್ರವಚನವಿಲ್ಲ, ವಾದ್ಯವೂ ಇಲ್ಲ. ಯಾವ ಧರ್ಮದ ಗ್ರಂಥವನ್ನಾದರೂ ಓದಬಹುದು, ಹಾಡಬಹುದು. ನೋಡಿಬಂದವರ ನೆನಪಿನಲ್ಲಿ ಉಳಿಯುವುದು ಮಾತ್ರ ಹೊರಗೆ ಚಪ್ಪಲಿ ಬಿಟ್ಟ ಉದ್ದನೆಯ ಸಾಲು ಮತ್ತು ಒಳಗಿನ ಮೌನ.

ಆ ದಳಗಳು ದೆಹಲಿಯಲ್ಲಿ ಏಳುತ್ತಿದ್ದ ವರ್ಷಗಳಲ್ಲೇ, ಧರ್ಮ ಹುಟ್ಟಿದ ನೆಲದಲ್ಲಿ ಬೇರೆಯೇ ನಡೆಯುತ್ತಿತ್ತು. 1979ರ ಕ್ರಾಂತಿಯ ವರ್ಷವೇ ಶಿರಾಜ್‌ನಲ್ಲಿ ಬಾಬ್‌ನ ಮನೆಯನ್ನು ಕೆಡವಲಾಯಿತು. ಇರಾನಿನ ಬಹಾಯಿಗಳ ರಾಷ್ಟ್ರೀಯ ಸಭೆಯ ಒಂಬತ್ತು ಸದಸ್ಯರನ್ನೂ 1980ರ ಆಗಸ್ಟ್ 21ರಂದು ಹಿಡಿದೊಯ್ದರು; ಅವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅವರ ಜಾಗಕ್ಕೆ ಬೇರೆ ಒಂಬತ್ತು ಮಂದಿ ಬಂದರು. 1981ರ ಡಿಸೆಂಬರ್ 27ರಂದು ಅವರಲ್ಲಿ ಎಂಟು ಮಂದಿಯನ್ನು ಕೊಲ್ಲಲಾಯಿತು. 1983ರ ಜೂನ್ 18ರಂದು ಶಿರಾಜ್‌ನಲ್ಲಿ ಹತ್ತು ಹೆಂಗಸರನ್ನು ನೇಣಿಗೆ ಹಾಕಿದರು. ಅವರಲ್ಲಿ ಕಿರಿಯಳಾದ ಮೋನಾಗೆ ಹದಿನೇಳು ವರ್ಷ; ಮಕ್ಕಳಿಗೆ ಧರ್ಮದ ಪಾಠ ಹೇಳಿಕೊಟ್ಟದ್ದು ಅವಳ ಮೇಲಿನ ಆರೋಪಗಳಲ್ಲೊಂದು. ಹೀಗಿದ್ದೂ ಮೂರನೆಯ ಸಭೆಯೊಂದು ಅಸ್ತಿತ್ವಕ್ಕೆ ಬಂದಿತ್ತು. ಅಭ್ಯರ್ಥಿಗಳಿಲ್ಲದ ಆ ವ್ಯವಸ್ಥೆಯಲ್ಲಿ ಹೆಸರು ಬಂದವರು ಬೇಡವೆಂದು ಹೇಳಿ ತಪ್ಪಿಸಿಕೊಳ್ಳಲಿಲ್ಲ. ಅದೇ ವರ್ಷ ಸರ್ಕಾರ ಬಹಾಯಿ ಸಭೆಗಳನ್ನು ನಿಷೇಧಿಸಿತು. ದೇಶದ ಕಾನೂನಿಗೆ ತಲೆಬಾಗಬೇಕೆಂಬ ತಮ್ಮ ಧರ್ಮದ ನಿಯಮದಂತೆ ಆ ಸದಸ್ಯರು ಸರ್ಕಾರಕ್ಕೊಂದು ಬಹಿರಂಗ ಪತ್ರ ಬರೆದು, ಊರೂರಿನ ಸಭೆಗಳ ಜೊತೆಗೆ ತಮ್ಮ ಸಭೆಯನ್ನೂ ತಾವೇ ವಿಸರ್ಜಿಸಿದರು.