ತಾಮ್ರಫಲಕದ ಮೇಲಣ ಮನ್ನಣೆ

ಸಂಗೀತರಚನಕಾರನ ರೂಪಚಿತ್ರವನ್ನು ಕೆತ್ತುವ ಕಲಾವಿದನಿಗೆ ಒಂದು ತೊಡಕು ಎದುರಾಗುತ್ತದೆ. ಮುಖವನ್ನು ರೇಖೆಗಳಲ್ಲಿ ಮೂಡಿಸಬಹುದು. ನಾದವನ್ನು ಮೂಡಿಸುವುದು ಹೇಗೆ? ಯೂರೋಪಿನ ಕಲಾವಿದರು ಇದಕ್ಕೆ ಲಾಂಛನಗಳ ಮೊರೆಹೊಕ್ಕರು. ಲೈರ್ ಎಂಬ ತಂತಿವಾದ್ಯ ಅಪೊಲೊ ದೇವತೆಯ ಅನುಗ್ರಹವನ್ನೂ ಲಾರೆಲ್ ಎಲೆಗಳ ಮಾಲೆ ಅಳಿಯದ ಕೀರ್ತಿಯನ್ನೂ ತುತ್ತೂರಿ ಆ ಕೀರ್ತಿಯ ಘೋಷಣೆಯನ್ನೂ ಸೂಚಿಸುತ್ತಿದ್ದುವು. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಮುಖವು ವಾಚ್ಯಾರ್ಥ, ಲಾಂಛನವು ಧ್ವನಿ.

ಹ್ಯಾಂಡಲನ ಚಿತ್ರವೊಂದನ್ನು ನಿದರ್ಶನವಾಗಿ ನೋಡೋಣ. ಜರ್ಮನಿಯ ಹಾಲೆಯಲ್ಲಿ 1685ರಲ್ಲಿ ಹುಟ್ಟಿದ ಆತ ಲಂಡನ್ನಿನಲ್ಲಿ ನೆಲಸಿದ. 1737ರಲ್ಲಿ ಅವನ ಬಲಗೈಗೆ ಪಾರ್ಶ್ವವಾಯು ಬಡಿಯಿತು. ಇಟಾಲಿಯನ್ ಗೀತನಾಟಕಗಳಿಗೆ ಜನರ ಒಲವೂ ಇಳಿಮುಖವಾಗಿತ್ತು. ಮರುವರ್ಷವೇ ಪ್ರಕಾಶಕ ಜಾನ್ ವಾಲ್ಶ್ ಅವನ 'ಅಲೆಕ್ಸಾಂಡರ್ಸ್ ಫೀಸ್ಟ್' ಕೃತಿಯನ್ನು ಅಚ್ಚುಮಾಡಿ, ಚಂದಾದಾರರಿಗೆ ಹ್ಯಾಂಡಲನ ಕೆತ್ತನೆಯ ಚಿತ್ರವನ್ನು ಉಚಿತವಾಗಿ ಒದಗಿಸಿದ. ಮುಖವನ್ನು ಕೆತ್ತಿದವನು ಡಚ್ ಕಲಾವಿದ ಹೌಬ್ರಾಕೆನ್. ಕೆಳಗಿನ ಪುಟ್ಟ ದೃಶ್ಯವನ್ನು ರಚಿಸಿದವನು ಫ್ರಾನ್ಸಿನ ಗ್ರಾವಲೊ.

ಆ ದೃಶ್ಯದಲ್ಲಿರುವುದು ಆ ಕೃತಿಯ ಪ್ರಸಂಗವೇ. ಕವಿ ಡ್ರೈಡನ್ 1697ರಲ್ಲಿ ಬರೆದ ಕವಿತೆ ಅದಕ್ಕೆ ಆಧಾರ. ಪರ್ಷಿಯವನ್ನು ಗೆದ್ದ ಅಲೆಕ್ಸಾಂಡರನ ಔತಣಕೂಟದಲ್ಲಿ ತಿಮೋಥಿಯಸ್ ಲೈರ್ ನುಡಿಸುತ್ತಾನೆ. ನಾದ ಬದಲಾದಂತೆ ದೊರೆ ಗರ್ವದಿಂದ ಬೀಗುತ್ತಾನೆ, ಕರುಣೆಯಿಂದ ಕಣ್ಣೀರಿಡುತ್ತಾನೆ, ಪ್ರೇಮಕ್ಕೆ ಸೋಲುತ್ತಾನೆ, ಕೊನೆಗೆ ಕ್ರೋಧದಿಂದ ಉರಿದೇಳುತ್ತಾನೆ. ಲೋಕವನ್ನು ಗೆದ್ದವನನ್ನು ಒಂದು ವಾದ್ಯ ಗೆದ್ದಿತು! ಹ್ಯಾಂಡಲನಾದರೋ ಅರಮನೆಯಿಂದ ವರ್ಷಾಶನ ಪಡೆಯುತ್ತಿದ್ದವನು. ಅಂಥವನ ಮುಖದ ಕೆಳಗೆ ಈ ಪ್ರಸಂಗವನ್ನು ಇಟ್ಟುದು ಬರಿಯ ಅಲಂಕಾರವೆಂದು ನಾನು ಭಾವಿಸಲಾರೆ. ಸಂಗೀತಗಾರನು ಆಶ್ರಿತನಾಗಿದ್ದರೂ ಅರಸನ ಹೃದಯಕ್ಕೆ ಅವನೇ ಒಡೆಯನೆಂಬುದು ಇಲ್ಲಿಯ ಧ್ವನಿ.

ವರ್ಣಚಿತ್ರ ಒಬ್ಬ ಸಿರಿವಂತನ ಗೋಡೆಯ ಮೇಲಿರುತ್ತದೆ. ತಾಮ್ರಫಲಕದ ಗೆರೆಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ಅದೇ ಮುಖ ನೂರಾರು ಮನೆಗಳನ್ನು ಸೇರುತ್ತದೆ. ಮನ್ನಣೆ ಹೀಗೆ ಅರಮನೆಯಿಂದ ಹೊರಗೆ ಬಂದಿತು.

ಆದರೆ ಮನ್ನಣೆ ಹರಡಿದ ದಾರಿಯಲ್ಲೇ ಅಪಹಾಸ್ಯವೂ ಹರಡಬಲ್ಲದು. ಒಮ್ಮೆ ಹ್ಯಾಂಡಲನ ಗೆಳೆಯನಾಗಿದ್ದ ಗೂಪಿ 1754ರಲ್ಲಿ ಒಂದು ವ್ಯಂಗ್ಯಚಿತ್ರವನ್ನು ಅಚ್ಚಿಗೆ ತಂದ. ಅದರಲ್ಲಿ ಹಂದಿಯ ಮುಖದ ಹ್ಯಾಂಡಲ್ ಮದ್ಯದ ಪೀಪಾಯಿಯ ಮೇಲೆ ಕುಳಿತು ಆರ್ಗನ್ ನುಡಿಸುತ್ತಿದ್ದಾನೆ, ಸುತ್ತಲೂ ತಿನಿಸುಗಳು. ಲೈರಿನ ಎಡೆಯಲ್ಲಿ ಪೀಪಾಯಿ, ಕೀರ್ತಿಯ ಎಡೆಯಲ್ಲಿ ಹೊಟ್ಟೆಬಾಕತನ! ಆ ವೇಳೆಗೆ ಹ್ಯಾಂಡಲ್ ದೃಷ್ಟಿಯನ್ನು ಕಳೆದುಕೊಂಡಿದ್ದ. ತನ್ನನ್ನು ಹಂಗಿಸಿದ ಚಿತ್ರವನ್ನು ಅವನು ಕಾಣುವಂತಿರಲಿಲ್ಲ.

ಹಳೆಯ ಕೆತ್ತನೆಗಳನ್ನು ನೋಡುವಾಗ ನಾವು ಮುಖದಲ್ಲಿಯೇ ನಿಂತುಬಿಡುತ್ತೇವೆ. ಅಂಚಿನಲ್ಲಿರುವ ಲೈರನ್ನೂ ಪೀಪಾಯಿಯನ್ನೂ ಓದಿದಾಗಲೇ ಒಂದು ಕಾಲವು ತನ್ನ ಸಂಗೀತಗಾರನಿಗೆ ಎಂಥ ಸ್ಥಾನ ಕೊಟ್ಟಿತ್ತು, ಆ ಸ್ಥಾನ ಎಷ್ಟು ಅಸ್ಥಿರವಾಗಿತ್ತು ಎಂಬುದು ತಿಳಿದೀತು.